ನೆಗ್ಗಿದ ತಾಮ್ರದ ಪಾತ್ರೆಯನ್ನು ಸರಿಪಡಿಸುವವರಿಗೆ

ತಾಮ್ರದ ಬೋಗುಣಿ ನೆಗ್ಗಿದ್ದರೆ ಕಬ್ಬಿಣದ ಸುತ್ತಿಗೆಯನ್ನು ಬಳಸದೆ, ಪಾತ್ರೆಯನ್ನು ಮರಳು ತುಂಬಿದ ಚೀಲದ ಮೇಲಿರಿಸಿ, ಒಳಭಾಗದಲ್ಲಿ ಮರದ ಕೊಡತಿಯಿಂದ ನೆಗ್ಗಿನ ಅಂಚಿನಿಂದ ನಡುವಿನತ್ತ ಸಾಗುತ್ತ ಮೆಲ್ಲಗೆ ತಟ್ಟಬೇಕು. ತಾಮ್ರವು ಬಡಿದಂತೆ ಹಿಗ್ಗುವ ಲೋಹವೆಂಬುದು ಎಲ್ಲರಿಗೂ ಗೊತ್ತು. ಆದರೆ ಬಡಿತ ಹೆಚ್ಚಿದಂತೆ ಅದು ಗಡುಸಾಗುತ್ತ ಹೋಗುತ್ತದೆ ಎಂಬುದನ್ನು ಮರೆಯುತ್ತೇವೆ. ಮಂದವಾಗಿದ್ದ ಸದ್ದು ಖಣಖಣ ಎನ್ನತೊಡಗಿ, ಕೊಡತಿ ಕೈಯಲ್ಲಿ ಪುಟಿಯುವಂತಾದರೆ ಕೂಡಲೇ ನಿಲ್ಲಿಸಿ; ಹಟ ಹಿಡಿದು ಮುಂದುವರಿಸಿದರೆ ತಗಡು ಸೀಳುತ್ತದೆ. ಆಗ ಪಾತ್ರೆಯನ್ನು ಮಬ್ಬುಗೆಂಪಾಗುವವರೆಗೆ ಕಾಯಿಸಿದರೆ, ಲೋಹದೊಳಗಿನ ಸೂಕ್ಷ್ಮ ಹರಳುಗಳು ಹೊಸದಾಗಿ ರೂಪುಗೊಂಡು ಅದು ಮತ್ತೆ ಮೆದುವಾಗುತ್ತದೆ. ಉಕ್ಕಿನಂತೆ ತಾಮ್ರವು ನೀರಿಗೆ ಅದ್ದಿದ ಮಾತ್ರಕ್ಕೆ ಗಡುಸಾಗುವುದಿಲ್ಲವಾದ್ದರಿಂದ, ಆರುವವರೆಗೆ ಕಾಯುವ ಅಗತ್ಯವೂ ಇಲ್ಲ.

ಪಾತ್ರೆಗೆ ಕಲಾಯಿ ಹಾಕಿಸಿದ್ದರೆ ಮಾತ್ರ ಕಾಯಿಸುವ ಗೊಡವೆಗೆ ಹೋಗದೆ ಕಂಚುಗಾರರಿಗೆ ಒಪ್ಪಿಸುವುದು ಲೇಸು, ಏಕೆಂದರೆ ಕಲಾಯಿಯ ತವರವು 232 ಡಿಗ್ರಿ ಸೆಲ್ಸಿಯಸ್‌ಗೇ ಕರಗಿಬಿಡುತ್ತದೆ. ಇನ್ನು ಬೀಡಿನ ದೋಸೆಹಂಚಿನ ಮೇಲೆ ಈ ಪ್ರಯೋಗ ಖಂಡಿತ ಬೇಡ. ಅದು ಬಾಗುವ ಜಾತಿಯದಲ್ಲ, ನಮ್ಮ ಮನೆಯದು ಒಂದೇ ಏಟಿಗೆ ಎರಡು ಹೋಳಾಯಿತು.