ಹಲ್ಲಿನ ಎಪಿಸೋಡ್‌ಗೆ ನಿರ್ದೇಶನದ ಪ್ರಶಸ್ತಿ: ನನ್ನ ಅನುಭವ

ಹೋದ ಸಲ ಒಂದು ಉತ್ಸವದಲ್ಲಿ ನಮ್ಮ ಮಕ್ಕಳ ಟಿವಿ ಸೀರೀಸ್‌ಗೆ ನಿರ್ದೇಶನದ ವಿಭಾಗದಲ್ಲೇ ಪ್ರಶಸ್ತಿ ಬಂತು ಅಂತ ಗೊತ್ತಾದ್ಮೇಲೆ ನಮ್ಮ ಫೀಲ್ಡ್‌ನೋರು ಸುಮಾರು ಜನ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ, ಯಾವ ಎಪಿಸೋಡ್ ಕಳ್ಸಿದ್ರಿ ಅಂತ. ಹಲ್ಲಿನ ಎಪಿಸೋಡ್ ಅಂದ್ರೆ ಅರ್ಧಕ್ಕರ್ಧ ಜನ ನಂಬ್ಲೇ ಇಲ್ಲ. ಕಾಡಿನ ಎಪಿಸೋಡ್ ಅಲ್ವಾ, ಅಷ್ಟೊಂದು ಖರ್ಚು ಮಾಡಿ ಸೆಟ್ ಹಾಕಿದ್ರಲ್ಲ ಅಂದ್ರು. ಅಲ್ಲ, ಹಲ್ಲಿಂದೇ. 11 ನಿಮಿಷ, ಇಬ್ಬರು ಮಕ್ಕಳು, ಒಂದು ರೂಮು, ಒಂದು ಕಾರಿಡಾರು, ಕಥೆ ಅಂದ್ರೆ ಅಲುಗಾಡ್ತಿರೋ ಹಾಲುಹಲ್ಲು ಯಾರಿಗೂ ಕಾಣ್ಬಾರ್ದು ಅಂತ ದಿನವಿಡೀ ಬಾಯಿ ಮುಚ್ಚಿಕೊಂಡೇ ಇರೋ ಒಬ್ಬ ಹುಡುಗ, ಅಷ್ಟೇ. ಇದನ್ನ ಕಳ್ಸ್ತೀನಿ ಅಂದಾಗ ಪ್ರೊಡಕ್ಷನ್‌ನಲ್ಲಿ ಒಬ್ಬರೂ ಒಪ್ಪಿರ್ಲಿಲ್ಲ. ಉತ್ಸವದ ಹೆಸರು ಇಲ್ಲಿ ಹಾಕಲ್ಲ, ಮುಂದಿನ ಎಂಟ್ರಿನೂ ಅಲ್ಲಿಗೇ ಕಳ್ಸೋದಿದೆ.

ಅದಕ್ಕೆ ಮುಂಚೆ ಮೂರ್ನಾಲ್ಕು ವರ್ಷ ಸತತವಾಗಿ ಪ್ರೊಡಕ್ಷನ್‌ನೋರು ಆರಿಸಿಕೊಟ್ಟಿದ್ದನ್ನೇ ಕಳ್ಸ್ತಾ ಬಂದ್ವಿ. ಅವರ ಲೆಕ್ಕ ಏನಪ್ಪಾ ಅಂದ್ರೆ ಯಾವುದಕ್ಕೆ ಜಾಸ್ತಿ ದುಡ್ಡು ಹೋಗಿದೆಯೋ ಅದೇ ದೊಡ್ಡ ಎಪಿಸೋಡು, ಅದೇ ಹೋಗ್ಬೇಕು. ಒಂದು ವರ್ಷ ಮೂವತ್ತು ಮಕ್ಕಳ ಡ್ಯಾನ್ಸು, ಒಂದು ವರ್ಷ ಗ್ರಾಫಿಕ್ಸ್ ಮಾಡಿದ್ದ ಪ್ರಾಣಿಗಳು, ಆಮೇಲೆ ಈ ಕಾಡು. ಒಂದೂ ಶಾರ್ಟ್‌ಲಿಸ್ಟ್ ದಾಟ್ಲಿಲ್ಲ. ಫೀಸ್ ಹೋಯ್ತು, ಸಬ್‌ಟೈಟಲ್ ದುಡ್ಡು ಹೋಯ್ತು, ಚಾನೆಲ್‌ನೋರ ಮುಂದೆ ಮರ್ಯಾದೆನೂ ಸ್ವಲ್ಪ ಹೋಯ್ತು. ಕಾಡಿನ ಎಪಿಸೋಡ್‌ಗೆ ಜ್ಯೂರಿಯ ಅಭಿಪ್ರಾಯ ಒಂದು ಪುಟ ಬಂತು, ಅದನ್ನ ಇವತ್ತಿಗೂ ಇಟ್ಕೊಂಡಿದೀನಿ. ಸೆಟ್ ಚೆನ್ನಾಗಿದೆ, ಸಂಗೀತ ಚೆನ್ನಾಗಿದೆ, ಮಕ್ಕಳು ಮುದ್ದಾಗಿದಾರೆ, ಎಲ್ಲಾ ಬರೆದಿದ್ರು. ನಿರ್ದೇಶನದ ಬಗ್ಗೆ ಒಂದು ಸಾಲೂ ಇಲ್ಲ! ನಾವು ಕಟ್ಟಿದ್ದು ನಿರ್ದೇಶನದ ವಿಭಾಗಕ್ಕೆ, ಮಾರ್ಕ್ಸ್ ಬಿದ್ದಿದ್ದೆಲ್ಲ ಆರ್ಟ್ ಡಿಪಾರ್ಟ್‌ಮೆಂಟ್‌ಗೆ.

ಅವಾಗ ಕೂತ್ಕೊಂಡು ಹಳೇ ವಿಜೇತರ ಪಟ್ಟಿಗಳನ್ನ ತೆಗೆದೆ. ಅಮೆರಿಕದ ಡೈರೆಕ್ಟರ್ಸ್ ಗಿಲ್ಡ್‌ನೋರು ಮಕ್ಕಳ ಕಾರ್ಯಕ್ರಮಗಳ ನಿರ್ದೇಶನಕ್ಕೆ ಅಂತಾನೇ ಒಂದು ಪ್ರಶಸ್ತಿ ಇಟ್ಟಿದಾರೆ, ನಮ್ಮೋರಿಗೆಲ್ಲ ಗೊತ್ತಿರೋದೇ, ಆದ್ರೆ ಆ ಪಟ್ಟಿನ ಯಾರೂ ಸಾಲಾಗಿ ಓದಿರಲ್ಲ. 2015ರ ಸಾಲಿಗೆ ಕೆನ್ನಿ ಒರ್ಟೆಗಾ, ಹಾಡು ಕುಣಿತದ ಡಿಸೆಂಡೆಂಟ್ಸ್. 2017ಕ್ಕೆ ನಿಕಿ ಕಾರೊ, ಆನ್ ವಿತ್ ಆನ್ ಇ, ಪೂರ್ತಿ ಡ್ರಾಮಾ. 2018ಕ್ಕೆ ಜ್ಯಾಕ್ ಜೇಮ್ಸನ್, ಸೆಸಮಿ ಸ್ಟ್ರೀಟ್‌ದು, ಅಂದ್ರೆ ಬೊಂಬೆಗಳು. 2019ಕ್ಕೆ ಏಮಿ ಶಾಟ್ಸ್, ಸಾಂಗ್ ಆಫ್ ಪಾರ್ಕ್‌ಲ್ಯಾಂಡ್, ಡಾಕ್ಯುಮೆಂಟರಿ, ಮುಂದಿನ ವರ್ಷನೂ ಅವರೇ, ಅದೂ ಡಾಕ್ಯುಮೆಂಟರಿ. 2021ಕ್ಕೆ ಸ್ಮೃತಿ ಮುಂಧ್ರಾ, ಮನೆ ಇಲ್ದೇ ಇರೋ ಕುಟುಂಬಗಳ ಮಕ್ಕಳ ಬಗ್ಗೆ. ಡ್ರಾಮಾ, ಬೊಂಬೆ, ಡಾಕ್ಯುಮೆಂಟರಿ ಎಲ್ಲಾ ಒಂದೇ ವಿಭಾಗದಲ್ಲಿ ಪಕ್ಕಪಕ್ಕ ಕೂತು ಸ್ಪರ್ಧೆ ಮಾಡ್ತವೆ ಅಂದ್ಮೇಲೆ ಬಜೆಟ್ಟೂ ಸೆಟ್ಟೂ ಅಳತೆಗೋಲು ಆಗೋಕೆ ಸಾಧ್ಯನೇ ಇಲ್ಲ. ಇವೆಲ್ಲದ್ರಲ್ಲೂ ಸಮ ಇರೋದು ಒಂದೇ, ಮಗು ತಾನಾಗಿ ಯೋಚನೆ ಮಾಡೋದು ನಮಗೆ ಕಾಣ್ಬೇಕು, ಆ ಜಾಗಕ್ಕೆ ಮಗುನ ಕರ್ಕೊಂಡು ಬಂದೋರು ಡೈರೆಕ್ಟರ್ ಅನ್ನೋದೂ ಕಾಣ್ಬೇಕು. ಇದು ನನ್ನ ಲೆಕ್ಕ, ಒಪ್ಪದೇ ಇರೋರು ಇದಾರೆ.

ಇನ್ನೊಂದು, ಎಲ್ಲಾ ಕಡೆ ನಿರ್ದೇಶಕರ ಹೆಸರಿಗೆ ಪ್ರಶಸ್ತಿ ಇರಲ್ಲ. ಮ್ಯೂನಿಕ್‌ನಲ್ಲಿ ನಡೆಯೋ ಮಕ್ಕಳ ಟಿವಿ ಉತ್ಸವ ಪ್ರಿ ಜನೆಸ್ 1964ರಿಂದ ಇದೆ, ಎರಡು ವರ್ಷಕ್ಕೊಂದ್ಸಲ, ನಮ್ಮ ಫೀಲ್ಡ್‌ಗೆ ಅದಕ್ಕಿಂತ ದೊಡ್ಡ ಜಾಗ ಇಲ್ಲ ಅಂತ ನಾನಂತೂ ಹೇಳ್ತೀನಿ, ಆದ್ರೆ ಅಲ್ಲಿ ಬಹುಮಾನ ಕಾರ್ಯಕ್ರಮಕ್ಕೆ. 6 ವರ್ಷದವರೆಗೆ, 7ರಿಂದ 10, 11ರಿಂದ 15 ಅಂತ ವಯಸ್ಸಿನ ಮೇಲೆ ಭಾಗ ಮಾಡ್ತಾರೆ, ಬಂದಿರೋ ನಮ್ಮಂಥೋರೇ ಒಟ್ಟಿಗೆ ಕೂತು ನೋಡಿ, ಗುಂಪಲ್ಲಿ ಚರ್ಚೆ ಮಾಡಿ ಮಾರ್ಕ್ಸ್ ಹಾಕ್ತಾರೆ. ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿಯಲ್ಲಿ, ಮೊದಲು ಡೇಟೈಮ್ ಎಮ್ಮಿ ಒಳಗೆ ಇದ್ದ ಮಕ್ಕಳ ವಿಭಾಗಗಳನ್ನ 2021ರಲ್ಲಿ ಬೇರೆ ಮಾಡಿ ಮಕ್ಕಳ ಮತ್ತು ಕುಟುಂಬದ ಎಮ್ಮಿ ಅಂತ ಮಾಡಿದ್ರು, ಮೊದಲ ಸಮಾರಂಭ 2022ರ ಡಿಸೆಂಬರ್‌ನಲ್ಲಿ, ಅಲ್ಲಿ ನಿರ್ದೇಶನದಲ್ಲೇ ಸಿಂಗಲ್ ಕ್ಯಾಮೆರಾ ಬೇರೆ ಮಲ್ಟಿ ಕ್ಯಾಮೆರಾ ಬೇರೆ. ಫಾರ್ಮ್ ತುಂಬೋ ಮುಂಚೆ ಇದೆಲ್ಲ ನೋಡ್ಕೊಳ್ಳಿ, ಕಾರ್ಯಕ್ರಮಕ್ಕೆ ಕೊಡೋ ಕಡೆ ಕಳ್ಸೋ ಎಪಿಸೋಡ್ ಬೇರೆ, ನಿರ್ದೇಶನಕ್ಕೆ ಕೊಡೋ ಕಡೆ ಕಳ್ಸೋದು ಬೇರೆ.

ಈಗ ನನ್ನ ಪದ್ಧತಿಗೆ ಬರ್ತೀನಿ. ಸೌಂಡ್ ಪೂರ್ತಿ ಆಫ್ ಮಾಡಿ ಮಕ್ಕಳಿಗೆ ತೋರ್ಸೋದು. ಇಷ್ಟೇನಾ ಅನ್ಬೇಡಿ. ರಫ್ ಕಟ್ ಹಂತದಲ್ಲೇ, ಅಂದ್ರೆ ಎಡಿಟ್ ಪೂರ್ತಿ ಮುಗಿಯೋ ಮುಂಚೆನೇ ತೋರ್ಸ್ಬೇಕು, ಯಾಕಂದ್ರೆ ಟೆಲಿಕಾಸ್ಟ್ ಆದ ವರ್ಷನ್ನೇ ಕಳ್ಸ್ಬೇಕು ಅನ್ನೋ ರೂಲ್ ತುಂಬಾ ಕಡೆ ಇರುತ್ತೆ, ಆಮೇಲೆ ಕತ್ತರಿ ಹಾಕೋಕೆ ಆಗಲ್ಲ. ಎಂಟ್ಹತ್ತು ಮಕ್ಕಳ ಎರಡು ಗುಂಪು ಮಾಡ್ತೀನಿ, ಒಂದು ಗುಂಪಿಗೆ ಕಾರ್ಯಕ್ರಮದ ಭಾಷೆ ಗೊತ್ತು, ಇನ್ನೊಂದಕ್ಕೆ ಗೊತ್ತಿಲ್ಲ. ಟಿವಿ ಕೆಳಗೆ ಒಂದು ಫೋನ್ ಇಟ್ಟು ಮಕ್ಕಳ ಮುಖ ರೆಕಾರ್ಡ್ ಮಾಡ್ಕೊಳ್ತೀನಿ, ನಾನು ಸ್ಕ್ರೀನ್ ನೋಡೋದೇ ಇಲ್ಲ. ಆಮೇಲೆ ಆ ರೆಕಾರ್ಡಿಂಗನ್ನ ಟೈಮ್‌ಲೈನ್ ಮೇಲೆ ಎಪಿಸೋಡ್ ಜೊತೆ ಕೂರ್ಸಿ, ಅರ್ಧಕ್ಕಿಂತ ಜಾಸ್ತಿ ಮಕ್ಕಳು ಎಲ್ಲೆಲ್ಲಿ ತಲೆ ತಿರುಗ್ಸಿದಾರೋ ಅಲ್ಲೆಲ್ಲ ಕೆಂಪು ಮಾರ್ಕರ್. ಕಾಡಿನ ಎಪಿಸೋಡ್‌ನ ಸುಮ್ನೆ ಹೋಲಿಕೆಗೆ ಅಂತ ಹಾಕಿದ್ದೆ, ನಾಲ್ಕನೇ ನಿಮಿಷಕ್ಕೆ ಡ್ಯಾನ್ಸ್ ಶುರುವಾದ್ಮೇಲೆ ಹೆಚ್ಚುಕಮ್ಮಿ ಕೊನೇವರೆಗೂ ಕೆಂಪೇ. ಹಲ್ಲಿನ ಎಪಿಸೋಡ್‌ನಲ್ಲಿ ಎರಡೇ ಕಡೆ. ಅದ್ರಲ್ಲಿ ಒಂದು, ಅಕ್ಕ ಹಲ್ಲಿನ ಬಗ್ಗೆ ಹೇಳೋ ಒಂದು ಉದ್ದ ಮಾತು, ಹನ್ನೆರಡು ಸೆಕೆಂಡೋ ಏನೋ ಇತ್ತು. ರೈಟರ್‌ಗೆ ತುಂಬಾ ಇಷ್ಟದ ಡೈಲಾಗ್ ಅದು, ಪ್ರೊಡ್ಯೂಸರ್‌ಗೂ ಇಷ್ಟ, ದೊಡ್ಡ ಜಗಳನೇ ಆಯ್ತು, ನಾನು ಮಕ್ಕಳ ಮುಖದ ರೆಕಾರ್ಡಿಂಗ್ ಹಾಕಿ ತೋರಿಸ್ದೆ, ಆಮೇಲೆ ತೆಗೆದ್ವಿ.

ಮಕ್ಕಳು ಅಲ್ಲಾಡದೇ ನೋಡಿದ್ದು ನೀರು ಕುಡಿಯೋ ಶಾಟು. ಅದು ಸ್ಕ್ರಿಪ್ಟ್‌ನಲ್ಲಿ ಇರ್ಲಿಲ್ಲ. ಅಕ್ಕ ಬಂದು ಏನಾಯ್ತೋ ಅಂತಾಳೆ, ಇವನು ತುಟಿ ಬಿಗಿಹಿಡಿದು ತಲೆ ಆಡಿಸ್ತಾನೆ, ಅವಳು ಒಂದು ಲೋಟ ನೀರು ಕೈಗೆ ಕೊಟ್ಟು ಎದುರಿಗೇ ನಿಲ್ತಾಳೆ. ಈಗ ಬಾಯಿ ತೆಗೀದೇ ನೀರು ಕುಡೀಬೇಕು. ಅವನು ಲೋಟನ ಬಾಯಿಯ ಎಡಗಡೆ ಮೂಲೆಗೆ ಒತ್ತಿ ತುಟಿನ ಕೂದಲೆಳೆಯಷ್ಟು ಬಿಡಿಸ್ತಾನೆ, ನೀರು ಒಳಗೆ ಹೋಗೋದಕ್ಕಿಂತ ಗದ್ದದ ಮೇಲಿಂದ ಶರ್ಟ್‌ಗೆ ಇಳಿಯೋದೇ ಜಾಸ್ತಿ, ತೋಳಲ್ಲಿ ಒರೆಸ್ಕೊಂಡು ಅಕ್ಕ ನೋಡಿದ್ಲಾ ಅಂತ ಓರೆಗಣ್ಣಲ್ಲಿ ಒಂದ್ಸಲ ನೋಡ್ತಾನೆ, ನಾಲಿಗೆ ಮಾತ್ರ ಕೆನ್ನೆ ಒಳಗೆ ಹಲ್ಲನ್ನ ತಳ್ತಾನೇ ಇರುತ್ತೆ. ಸುಮಾರು 40 ಸೆಕೆಂಡು, ಒಂದೂ ಕಟ್ ಇಲ್ಲ. ಟ್ರೈಪಾಡ್‌ನ ಬೇಬಿ ಲೆಗ್ಸ್ ಅಂದ್ರೆ ಗಿಡ್ಡ ಕಾಲುಗಳ ಮೇಲೆ ಲೆನ್ಸು ಎರಡೂಕಾಲು ಅಡಿ ಎತ್ತರದಲ್ಲಿ, ಅಕ್ಕನ ಮುಖ ಫ್ರೇಮ್‌ಗೇ ಬರಲ್ಲ, ಕೈ ಮತ್ತೆ ಲೋಟ ಅಷ್ಟೇ. ಕ್ಲೋಸಪ್ ಒಂದು ಸೇಫ್ಟಿಗೆ ತಗೊಳ್ಳೋಣ ಸಾರ್ ಅಂತ ಕ್ಯಾಮೆರಾಮ್ಯಾನ್ ಎಷ್ಟೋ ಸಲ ಕೇಳಿದ್ರು, ಬೇಡ ಅಂದೆ. ತಗೊಂಡಿದ್ರೆ ಎಡಿಟ್‌ನಲ್ಲಿ ಯಾರಾದ್ರೂ ಅದನ್ನ ಹಾಕೇ ಹಾಕ್ತಿದ್ರು.

ಹುಡುಗನ ಹಲ್ಲು ನಿಜವಾಗ್ಲೂ ಅಲುಗಾಡ್ತಿತ್ತು, ಅದಕ್ಕೇ ಅವನನ್ನ ಆರಿಸಿದ್ದು. ನಾಲಿಗೆ ಆ ಥರ ಆಡ್ಸೋದು ಯಾವ ಮಗುಗೂ ಹೇಳ್ಕೊಟ್ಟು ಬರಲ್ಲ. ಆದ್ರೆ ಹಲ್ಲಿಗೆ ಶೆಡ್ಯೂಲ್ ಗೊತ್ತಿರಲ್ವಲ್ಲ, ಅದಕ್ಕೆ ಕಥೆಯ ಕ್ರಮದಲ್ಲೇ ಶೂಟ್ ಮಾಡಿದ್ವಿ, ಅದ್ರಿಂದ ಲೈಟಿಂಗ್ ಸೆಟಪ್ ಮತ್ತೆ ಮತ್ತೆ ಬದಲಾಯ್ಸಿ ಅರ್ಧ ದಿನದ ಖರ್ಚು ಎಕ್ಸ್‌ಟ್ರಾ. ಅಷ್ಟು ಮಾಡಿದ್ರೂ ಎರಡನೇ ದಿನ ಊಟದ ಬಿಡುವಲ್ಲಿ ಹಲ್ಲು ಬಿತ್ತು, ಇನ್ನೂ ಆರೇಳು ಶಾಟ್ ಬಾಕಿ. ಮಗುನ ಕ್ಯಾಮೆರಾ ಮುಂದೆ ದಿನಕ್ಕೆ ನಾಲ್ಕು ಗಂಟೆ ಮೇಲೆ ನಿಲ್ಸಲ್ಲ ಅಂತ ನಾವೇ ಅವರ ಮನೆಯೋರಿಗೆ ಮಾತು ಕೊಟ್ಟಿದ್ವಿ, ಮೂರನೇ ದಿನಕ್ಕೆ ದುಡ್ಡಿಲ್ಲ. ಆ ಶಾಟ್‌ಗಳನ್ನ ಅವತ್ತೇ ತೆಗೆದೆ, ಬಾಯಿ ತೆಗೆಯೋ ಕೊನೇ ಶಾಟ್ ಸೇರಿ, ಗ್ರಾಫಿಕ್ಸ್ ಇಲ್ದೆ. ಹೇಗೆ ಅಂತ ಹೇಳಲ್ಲ. ಜ್ಯೂರಿಯಲ್ಲಿದ್ದ ಒಬ್ಬರು ಡೈರೆಕ್ಟರ್ ಸಮಾರಂಭ ಆದ್ಮೇಲೆ ಬಂದು ಅದನ್ನೇ ಕೇಳಿದ್ರು, ಅವರಿಗೂ ಹೇಳ್ಲಿಲ್ಲ. ಟೇಕ್‌ಗೆ ಮುಂಚೆ ಹುಡುಗನ ಕಿವಿಯಲ್ಲಿ ಏನು ಹೇಳ್ತಿದ್ದೆ ಅನ್ನೋದೂ ನಮ್ಮಿಬ್ಬರ ಮಧ್ಯೆ ಇರ್ಲಿ.

ಮಧ್ಯೆ ಒಂದಷ್ಟು ಪ್ರಯೋಗ ಮಾಡಿದ್ದೂ ಹೇಳ್ಬೇಕು. ಸ್ಕ್ರೀನರ್‌ನ, ಅಂದ್ರೆ ಜ್ಯೂರಿಗೆ ಕಳ್ಸೋ ಕಾಪಿನ, ಕಪ್ಪುಬಿಳುಪು ಮಾಡಿ ಮಕ್ಕಳಿಗೆ ತೋರಿಸಿದ್ದೆ, ಬಣ್ಣ ಇಲ್ದೇನೂ ನೋಡ್ತಾರಾ ಅಂತ. ನೋಡಿದ್ರು, ಮೊದಲ ಅರ್ಧ ನಿಮಿಷ ಗೊಣಗಾಡಿದ್ರು ಆಮೇಲೆ ಮರ್ತೇ ಹೋದ್ರು. ಅದ್ರಿಂದ ಪ್ರಶಸ್ತಿಗೆ ಏನೂ ಉಪಯೋಗ ಆಗ್ಲಿಲ್ಲ, ಆದ್ರೆ ಗ್ರೇಡಿಂಗ್‌ಗೆ (ಬಣ್ಣ ಹದ ಮಾಡೋ ಕೆಲಸಕ್ಕೆ) ಇಟ್ಟಿದ್ದ ದುಡ್ಡಲ್ಲಿ ಅರ್ಧ ಸೌಂಡ್‌ಗೆ ತಿರುಗ್ಸೋ ಧೈರ್ಯ ಬಂತು. ಇನ್ನೊಂದು ಸಬ್‌ಟೈಟಲ್. ಮೊದಲ ಡ್ರಾಫ್ಟ್‌ನಲ್ಲಿ ನಲವತ್ತರ ಹತ್ತಿರ ಸಾಲಿತ್ತು, ಏಜೆನ್ಸಿಯೋರು ಹೂಂ ಹೂಂ ಅಂದಿದ್ದನ್ನೂ ಬಿಡದೇ ಬರೆದಿದ್ರು. ಜ್ಯೂರಿ ಕಣ್ಣು ಕೆಳಗೆ ಓದ್ತಾ ಇದ್ರೆ ಮೇಲೆ ಹುಡುಗನ ಮುಖ ಯಾರು ನೋಡ್ತಾರೆ? ಕಡಿತ ಮಾಡ್ತಾ ಮಾಡ್ತಾ ಹದಿನಾಲ್ಕೋ ಹದಿನೈದೋ ಸಾಲಿಗೆ ಇಳಿಸ್ದೆ. ದೊಡ್ಡೋರಿಗೆ ಸೆಕೆಂಡಿಗೆ 17 ಅಕ್ಷರ ಓದೋಕೆ ಆಗುತ್ತೆ ಅಂತ ಲೆಕ್ಕ ಹಾಕ್ತಾರೆ, ಮಕ್ಕಳಿಗೆ 13, ನಾನು ಜ್ಯೂರಿಗೂ 13ರ ಲೆಕ್ಕದಲ್ಲೇ ಹಾಕಿಸ್ದೆ. ನೀರು ಕುಡಿಯೋ ಶಾಟ್ ಮೇಲೆ ಒಂದಕ್ಷರ ಇಲ್ಲ.

ಸೌಂಡ್ ಬಗ್ಗೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಚಾನೆಲ್‌ಗೆ ಕೊಟ್ಟ ಮಿಕ್ಸನ್ನೇ ತಳ್ತಾರೆ. ನಮ್ಮ ಚಾನೆಲ್ ಮಿಕ್ಸ್ ಅಂದ್ರೆ ಎಲ್ಲಾನೂ ಎತ್ತಿ ಹಿಡಿದು ಕಂಪ್ರೆಸ್ ಮಾಡಿದ್ದು, ಪಿಸುಮಾತೂ ಕಿರುಚಾಟನೂ ಒಂದೇ ಲೆವೆಲ್ಲು. ಉತ್ಸವಕ್ಕೆ ಮೈನಸ್ 23 ಲಫ್ಸ್‌ಗೆ (ಸೌಂಡ್ ಎಷ್ಟು ಜೋರು ಅಂತ ಅಳೆಯೋ ಮಾನ ಇದು) ಇಳ್ಸಿ, ಕಂಪ್ರೆಷನ್ ಬಿಚ್ಚಿ ರೀಮಿಕ್ಸ್ ಮಾಡಿಸಿದ್ವಿ, ಚಿತ್ರ ಅದೇ, ಒಂದು ಫ್ರೇಮೂ ಮುಟ್ಟಿಲ್ಲ, ರೂಲ್ಸ್‌ನಲ್ಲಿ ಆಡಿಯೋ ಬದಲಾಯ್ಸೋಕೆ ಅವಕಾಶ ಇದೆಯಾ ಅಂತ ಮೊದ್ಲೇ ಮೇಲ್ ಹಾಕಿ ಕೇಳ್ಕೊಂಡಿದ್ದೆ. ಆ ಹುಡುಗ ಮೂಗಲ್ಲಿ ಉಸಿರಾಡೋದು ಅವಾಗ ಕೇಳಿಸ್ತು. ಬಾಯಿ ಮುಚ್ಚಿರೋ ಮಗುವಿನ ಉಸಿರು, ಅದೇ ಈ ಎಪಿಸೋಡ್‌ನ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ಕು ಅಂತ ನಮ್ಮ ಸೌಂಡ್ ಹುಡುಗ ಅಂದ, ಸರಿಯಾಗೇ ಅಂದ.

ಮ್ಯೂಸಿಕ್ ಅಂದ್ಮೇಲೆ ದುಡ್ಡಿನ ವಿಷಯ. ಲೈಬ್ರರಿಯಿಂದ ತಗೊಂಡಿದ್ದ ಟ್ರ್ಯಾಕ್‌ಗೆ ಇದ್ದಿದ್ದು ಟೆಲಿಕಾಸ್ಟ್ ಹಕ್ಕು ಮಾತ್ರ, ಉತ್ಸವದಲ್ಲಿ ತೋರ್ಸೋಕೆ ಬೇರೆ ಕಟ್ಬೇಕು, ಕೇಳಿದ್ರೆ ಎಂಟ್ರಿ ಫೀಸ್‌ನ ಎರಡರಷ್ಟು ಅಂದ್ರು. ಇದು ನಿಮ್ಮಲ್ಲಿ ಎಷ್ಟೋ ಜನಕ್ಕೆ ಕೊನೇ ವಾರದಲ್ಲಿ ತಗಲಾಕಿಕೊಳ್ಳುತ್ತೆ, ಅಗ್ರಿಮೆಂಟ್ ಈಗ್ಲೇ ತೆಗೆದು ಓದಿ. ನಾನು ರಫ್ ಕಟ್ ಹಂತದಲ್ಲೇ ಆ ಟ್ರ್ಯಾಕ್ ಕಿತ್ತು ಹಾಕಿ, ಶೂಟಿಂಗ್ ಬಿಡುವಲ್ಲಿ ಆ ಹುಡುಗ ಪೆನ್ಸಿಲ್ ಬಾಕ್ಸ್ ತಟ್ತಿದ್ದ ಸೌಂಡನ್ನ ಅಲ್ಲಲ್ಲಿ ಹಾಕಿದ್ದೆ, ಹಾಗಾಗಿ ಟೆಲಿಕಾಸ್ಟೂ ಅದ್ರಲ್ಲೇ ಆಯ್ತು, ಖರ್ಚು ಸೊನ್ನೆ. ಒಟ್ಟು ಎಂಟ್ರಿಗೆ ಆಗಿದ್ದು ಒಂದು ದಿನದ ಶೂಟಿಂಗ್ ಖರ್ಚಿನ ಅರ್ಧಕ್ಕಿಂತ ಒಂಚೂರು ಜಾಸ್ತಿ, ಅದ್ರಲ್ಲಿ ರೀಮಿಕ್ಸೇ ಹೆಚ್ಚುಕಮ್ಮಿ ಮೂರನೇ ಒಂದು ಪಾಲು, ಆಮೇಲೆ ಅನುವಾದ ಸಬ್‌ಟೈಟಲ್ಲು, ಫೀಸ್ ಎಲ್ಲಕ್ಕಿಂತ ಕಮ್ಮಿ. ಕಾಡಿನ ಎಪಿಸೋಡ್‌ಗೆ ಹಲ್ಲಿಂದರ ಮೂರೂವರೆ ಪಟ್ಟು ಖರ್ಚಾಗಿತ್ತು ಅನ್ನೋದು ನೆನಪಿರ್ಲಿ. ಪ್ರೊಡಕ್ಷನ್‌ನೋರು ಹಲ್ಲಿನ ಎಂಟ್ರಿಗೆ ದುಡ್ಡು ಕೊಡಲ್ಲ ಅಂದ್ರು, ನನ್ನ ಜೇಬಿಂದ ಹಾಕ್ದೆ, ಪ್ರಶಸ್ತಿ ಬಂದ್ರೆ ವಾಪಸ್ ಅಂತ ಮಾತಾಗಿತ್ತು. ಅರ್ಧ ಬಂದಿದೆ, ಇನ್ನರ್ಧ ಕೇಳ್ತಾ ಇದೀನಿ.

ಎಂಟ್ರಿ ಜೊತೆ ಕಳ್ಸೋ ಡೈರೆಕ್ಟರ್ ನೋಟ್‌ನಲ್ಲಿ ಉದ್ದೇಶ, ಸಂದೇಶ, ಮೌಲ್ಯ ಇವೆಲ್ಲ ಬರೀಲಿಲ್ಲ. ಹಲ್ಲು ಯಾವಾಗ ಬಿತ್ತು, ಎಷ್ಟು ಶಾಟ್ ಬಾಕಿ ಇತ್ತು, ಕ್ಯಾಮೆರಾ ಎತ್ತರ ಎಷ್ಟು, ಕ್ಲೋಸಪ್ ಯಾಕಿಲ್ಲ, ಇಷ್ಟೇ, ಅರ್ಧ ಪುಟ. ನಮ್ಮ ಸೀರೀಸ್‌ನಲ್ಲಿ ಇಬ್ಬರು ಡೈರೆಕ್ಟರ್ಸ್ ಎಪಿಸೋಡ್ ಹಂಚ್ಕೊಂಡು ಮಾಡ್ತೀವಿ, ಫಾರ್ಮ್‌ನಲ್ಲಿ ಸೀರೀಸ್ ಡೈರೆಕ್ಟರ್ ಅಂತ ಹಾಕೋದೋ ಎಪಿಸೋಡ್ ಡೈರೆಕ್ಟರ್ ಅಂತಾನೋ ಅನ್ನೋ ಗೊಂದಲ ಬಂದ್ರೆ ಟೈಟಲ್ ಕಾರ್ಡ್‌ನಲ್ಲಿ ಏನಿದೆಯೋ ಅದೇ ಹಾಕಿ. ವಯಸ್ಸಿನ ವಿಭಾಗದ ಬಗ್ಗೆನೂ ಮ್ಯೂಟ್ ಟೆಸ್ಟೇ ಹೇಳಿತ್ತು, ನಾವು ಮಾಡಿದ್ದು ಆರು ವರ್ಷದೊಳಗಿನೋರಿಗೆ ಅಂತ, ನಗಾಡಿದ್ದು ಮಾತ್ರ ಎಂಟು ಒಂಬತ್ತರೋರು, ಯಾಕಂದ್ರೆ ಹಲ್ಲು ಬಿದ್ದ ಅನುಭವ ಅವರಿಗೆ ಆಗ್ಲೇ ಆಗಿದೆ. 7ರಿಂದ 10ಕ್ಕೆ ಹಾಕ್ದೆ.

ಜ್ಯೂರಿಯ ಪುಟ ಈ ಸಲನೂ ಬಂತು. ನೀರು ಕುಡಿಯೋ ಶಾಟ್ ಬಗ್ಗೆನೇ ಮುಕ್ಕಾಲು ಪುಟ ಇದೆ, ಅಕ್ಕನ ಮುಖ ತೋರಿಸದೇ ಇದ್ದಿದ್ದನ್ನ ಎರಡು ಸಲ ಎತ್ತಿ ಹೇಳಿದಾರೆ. ಅದನ್ನ ಪ್ರಿಂಟ್ ತೆಗೆಸಿ ಪ್ರೊಡ್ಯೂಸರ್ ಟೇಬಲ್ ಮೇಲೆ ಇಟ್ಟೆ, ಖುಷಿಯಿಂದ ಇಟ್ಟೆ, ಅವರೂ ಓದಿ ಮುಂದಿನ ಸಲ ನೀವೇ ಆರಿಸಿ ಅಂದ್ರು.

ಕೈಯಲ್ಲಿ ಎಪಿಸೋಡೇ ಇಲ್ಲ, ಐಡಿಯಾ ಮಾತ್ರ ಇದೆ ಅನ್ನೋರು ಜಪಾನಿನ ಸಾರ್ವಜನಿಕ ಟಿವಿ ಸಂಸ್ಥೆ ಎನ್‌ಎಚ್‌ಕೆಯೋರ ಜಪಾನ್ ಪ್ರೈಜ್ ನೋಡಿ. 1965ರಿಂದ ಇದೆ, ಬಜೆಟ್ ಕಷ್ಟ ಇರೋ ದೇಶದೋರು ಬರೀ ಪ್ರೊಪೋಸಲ್ ಕಳ್ಸೋಕೆ ಅಂತ ಒಂದು ವಿಭಾಗ ಇಟ್ಟಿದಾರೆ. ನಾನು ಸದ್ಯಕ್ಕೆ ಹೊಸ ಎಪಿಸೋಡ್‌ನ ರಫ್ ಕಟ್ ಮೇಲೆ ಕೂತಿದೀನಿ, ಶೂ ಲೇಸ್ ಕಟ್ಕೊಳ್ಳೋಕೆ ಬರದ ಹುಡುಗಿದು. ಮೊದಲ ಗುಂಪಿಗೆ ತೋರಿಸಿದ್ದಾಯ್ತು, ಮೂರನೇ ನಿಮಿಷದಲ್ಲಿ ಒಂದು ಕೆಂಪು ಮಾರ್ಕರ್ ಬಿದ್ದಿದೆ, ಭಾಷೆ ಗೊತ್ತಿಲ್ದಿರೋ ಮಕ್ಕಳಿಗೆ ತೋರಿಸ್ಕೊಂಡು ಆಮೇಲೆ ಅಲ್ಲಿಗೆ ಕತ್ತರಿ ಹಾಕ್ಬೇಕಾ ಬೇಡ್ವಾ ನೋಡ್ತೀನಿ.