33 ಇಂಚಿನ ಟೈರ್, ಏರು ಹತ್ತದ ಜೀಪ್

ಕೊಲರಾಡೊದಲ್ಲಿ ನನ್ನ ಹಳೇ ಜೀಪಿಗೆ 29 ಇಂಚಿನ ಟೈರ್ ತೆಗೆಸಿ 33 ಇಂಚಿನದು ಹಾಕಿಸಿದೆ. ಡೆನ್ವರ್‌ನಿಂದ ಐಸೆನ್‌ಹೋವರ್ ಸುರಂಗದ ಕಡೆ ಏರುವಾಗ ಐದನೇ ಗೇರ್ ಕೆಲಸಕ್ಕೇ ಬರಲಿಲ್ಲ. ನಾಲ್ಕರಲ್ಲೂ ಇಂಜಿನ್ ಏದುಸಿರು ಬಿಡುತ್ತಿತ್ತು. ಸುಮಾರು 3,400 ಮೀಟರ್ ಎತ್ತರ, ಗಾಳಿ ತೆಳು, ಇಂಜಿನ್ ಶಕ್ತಿ ಮೊದಲೇ ಕಮ್ಮಿ.

ಆಕ್ಸಲ್‌ನ ಗೇರ್ ಅನುಪಾತ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಇಂಜಿನ್ ಕಡೆಯಿಂದ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನೋದು, 3.73 ಇತ್ತು. ಟೈರ್ ದೊಡ್ಡದಾದರೆ ಮೊದಲಿನ ಎಳೆತ ಸಿಗಲು ಈ ಅನುಪಾತವೂ ಅಷ್ಟೇ ಪಾಲು ಹೆಚ್ಚಬೇಕು. 3.73 ಅನ್ನು 33ರಿಂದ ಗುಣಿಸಿ 29ರಿಂದ ಭಾಗಿಸಿದರೆ 4.24. ಸಿಗುವುದು 4.10 ಇಲ್ಲವೇ 4.56. ಬರೀ ಹೆದ್ದಾರಿಯಾದರೆ 4.10 ಸಾಕಿತ್ತು. ನನಗೆ ಏರು, ಕಲ್ಲುದಾರಿಯೇ ಜಾಸ್ತಿ ಅಲ್ವಾ, 4.56 ಆರಿಸಿದೆ. ಹಿಂದಿನ ಆಕ್ಸಲ್ ಒಂದಕ್ಕೇ ಹಾಕಿಸಿ ದುಡ್ಡು ಉಳಿಸಲು ಹೋಗಬೇಡಿ. ಮುಂದೆ, ಹಿಂದೆ ಅನುಪಾತ ಬೇರೆಯಾದರೆ ಫೋರ್ ವೀಲ್ ಡ್ರೈವ್ ಹಾಕಿದಾಗ ಎರಡೂ ಒಂದಕ್ಕೊಂದು ಎಳೆದಾಡಿ ಗೇರ್ ಮುರಿಯುತ್ತದೆ.

ಮೊದಲ 800 ಕಿ.ಮೀ. ಮೆಲ್ಲಗೆ ಓಡಿಸಿ ಗೇರ್ ಆಯಿಲ್ ಬದಲಿಸಿದೆ. ಈಗ ಅದೇ ಏರನ್ನು ನಾಲ್ಕನೇ ಗೇರಿನಲ್ಲಿ ಆರಾಮಾಗಿ ಹತ್ತುತ್ತದೆ.