ಹಳೆಯ ಸ್ಟೇಷನ್ ವ್ಯಾಗನ್‌ನ ಸಸ್ಪೆನ್ಷನ್ ಮತ್ತು ಬ್ರೇಕ್: ಮೇಲ್ದರ್ಜೆಗೆ ಏರಿಸುವ ಕ್ರಮ

ಸ್ಟೇಷನ್ ವ್ಯಾಗನ್ ಎಂದರೆ ಚಾವಣಿ ಉದ್ದವಾಗಿರುವ ಸೆಡಾನ್ ಅಷ್ಟೇ ಎಂದುಕೊಂಡು ಕೆಲಸಕ್ಕೆ ಇಳಿದವರು ಎಡವುವುದು ಹಿಂದಿನ ಆಕ್ಸಲ್‌ನಲ್ಲಿ. ಬೆಳಿಗ್ಗೆ ಚಾಲಕನೊಬ್ಬನನ್ನೇ ಹೊತ್ತು ಹೋದ ವ್ಯಾಗನ್ ಸಂಜೆಗೆ ಐದು ಜನರನ್ನೂ ಚಾವಣಿಯವರೆಗೆ ತುಂಬಿದ ಸಾಮಾನನ್ನೂ ಹೊತ್ತು ಬರಬಹುದು, ಮತ್ತು ಆ ಸಾಮಾನಿನ ಭಾರವೆಲ್ಲ ಹಿಂದಿನ ಆಕ್ಸಲ್‌ನ ಮೇಲೆ ಅಥವಾ ಅದಕ್ಕೂ ಹಿಂದೆ ಬೀಳುತ್ತದೆ. ಮರ್ಸಿಡಿಸ್ ಬೆಂಜ್ ತನ್ನ 123 ಸರಣಿಯ ವ್ಯಾಗನ್‌ಗೆ, ಹೊರೆ ಬಿದ್ದಾಗ ಹಿಂಬದಿಯ ಎತ್ತರವನ್ನು ತಾನಾಗಿಯೇ ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ವ್ಯವಸ್ಥೆಯನ್ನು ಅಳವಡಿಸಿದ್ದು ಈ ಕಾರಣಕ್ಕೇ. ಆದ್ದರಿಂದ ಇಲ್ಲಿ ಸಸ್ಪೆನ್ಷನ್ ಮತ್ತು ಬ್ರೇಕ್ ಎರಡನ್ನೂ ಒಂದೇ ಕೆಲಸವೆಂದು ಯೋಜಿಸಬೇಕು. ಒಂದನ್ನು ಬದಲಿಸಿದರೆ ಇನ್ನೊಂದರ ಲೆಕ್ಕ ತಪ್ಪುತ್ತದೆ. ಹೇಗೆಂಬುದನ್ನು ಮುಂದೆ ನೋಡೋಣ.

ಮೊದಲ ಹಂತ: ಅಳತೆ ಮತ್ತು ತಪಾಸಣೆ

ಯಾವುದೇ ಬಿಡಿಭಾಗವನ್ನು ಕೊಳ್ಳುವ ಮೊದಲು ಕಾರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಅದರ ನೇರ ಮೇಲಿನ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಬರೆದಿಟ್ಟುಕೊಳ್ಳಬೇಕು. ನೆಲದಿಂದ ಅಳೆದರೆ ಟಯರಿನ ಗಾಳಿಯ ಒತ್ತಡವೂ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಬಳಿಕ ತೂಕ ಗೊತ್ತಿರುವ ಮರಳಿನ ಮೂಟೆಗಳನ್ನು ಹಿಂದಿನ ಆಕ್ಸಲ್‌ನ ನೇರ ಮೇಲೆ ಇಟ್ಟು ಮತ್ತೊಮ್ಮೆ ಅಳೆಯಬೇಕು. 100 ಕೆ.ಜಿ.ಗೆ ಹಿಂಬದಿ 30 ಮಿ.ಮೀ. ಕುಸಿದರೆ, ಎರಡೂ ಬದಿ ಸೇರಿ ಪ್ರತಿ ಮಿ.ಮೀ.ಗೆ ಸುಮಾರು 3.3 ಕೆ.ಜಿ. ಬಿಗಿತ ಇದೆ ಎಂದಾಯಿತು. ಹೊಸ ಸ್ಪ್ರಿಂಗ್ ಆರಿಸುವಾಗ ಜಾಹೀರಾತಿನ ಮಾತಿಗಿಂತ ಈ ಒಂದು ಅಂಕಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕಾರನ್ನು ಎತ್ತಿದ ಮೇಲೆ ಅದರ ಭಾರ ಸ್ಟ್ಯಾಂಡ್‌ಗಳ ಮೇಲೆ ಕೂರಬೇಕು. ಜಾಕಿಯೊಂದನ್ನೇ ನಂಬಿ ಅಡಿಗೆ ಹೋಗಬಾರದು. ಸ್ಪ್ರಿಂಗ್ ಕೂರುವ ಜಾಗ, ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಬಾಡಿಗೆ ಸೇರುವ ಜಾಗ, ಟ್ರೇಲಿಂಗ್ ಆರ್ಮ್‌ನ (ಹಿಂದಿನ ಆಕ್ಸಲನ್ನು ಬಾಡಿಗೆ ಸೇರಿಸುವ ತೋಳು) ಬ್ರಾಕೆಟ್‌ಗಳು ಇವೆಲ್ಲವನ್ನೂ ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಬೇಕು. ತಗಡಿಗೆ ತುಕ್ಕು ತಿಂದಿದ್ದರೆ ಮೊದಲ ಖರ್ಚು ವೆಲ್ಡಿಂಗ್‌ಗೆ ಹೋಗಲಿ, ಬಿಗಿಯಾದ ಸ್ಪ್ರಿಂಗ್‌ಗೆ ಅಲ್ಲ. ಡಿಸ್ಕನ್ನು ಒತ್ತುವ ಹಳೆಯ ಪ್ಯಾಡ್ ಮತ್ತು ಡ್ರಮ್ಮನ್ನು ಒಳಗಿನಿಂದ ಒತ್ತುವ ಹಳೆಯ ಶೂಗಳಲ್ಲಿ, ಉಸಿರಿನೊಂದಿಗೆ ಒಳಹೋದರೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ. ಆದ್ದರಿಂದ ಡ್ರಮ್ಮಿನೊಳಗಿನ ಧೂಳನ್ನು ಗಾಳಿಯಿಂದ ಊದದೆ, ಒದ್ದೆ ಮಾಡಿ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಎರಡನೆಯ ಹಂತ: ಮೂಲ ಬ್ರೇಕನ್ನು ಸರಿಪಡಿಸುವುದು

ದೊಡ್ಡ ಡಿಸ್ಕ್ ಕೊಳ್ಳುವ ಆಸೆಯನ್ನು ಇಲ್ಲಿ ಸ್ವಲ್ಪ ತಡೆಯಬೇಕಾಗುತ್ತದೆ. ಹಳೆಯ ಕಾರಿನ ಬ್ರೇಕ್ ದುರ್ಬಲವೆನಿಸಲು ಬಹಳ ಸಲ ಕಾರಣ ಅದರ ವಿನ್ಯಾಸವಲ್ಲ, ಅದರ ವಯಸ್ಸು. ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ದಾರಿ ಕಟ್ಟಿರುತ್ತದೆ. ಪೆಡಲ್ ಬಿಟ್ಟ ಮೇಲೂ ಒಂದು ಚಕ್ರ ಹಿಡಿದುಕೊಂಡೇ ಇದ್ದರೆ ಮೊದಲು ಅನುಮಾನಿಸಬೇಕಾದ್ದು ಅದನ್ನೇ. ಹೋಸ್‌ಗಳನ್ನೆಲ್ಲ ಬದಲಿಸಿ, ತುಕ್ಕು ಹಿಡಿದ ಉಕ್ಕಿನ ಪೈಪ್‌ಗಳ ಜಾಗಕ್ಕೆ ತಾಮ್ರ ಮತ್ತು ನಿಕಲ್ ಮಿಶ್ರಲೋಹದ ಬ್ರೇಕ್ ಪೈಪ್ ಹಾಕುವುದು ಒಳ್ಳೆಯದು. ಪೈಪ್ ತುದಿಯ ಫ್ಲೇರ್ (ಜೋಡಣೆಗಾಗಿ ಅರಳಿಸಿ ರೂಪಿಸಿದ ಬಾಯಿ) ಡಬಲ್ ಮಾದರಿಯದೋ ಬಬಲ್ ಮಾದರಿಯದೋ ನೋಡಿ, ಅದೇ ಮಾದರಿಯನ್ನು ಮಾಡಬೇಕು. ಒಂದರ ಜಾಗದಲ್ಲಿ ಇನ್ನೊಂದನ್ನು ಎಷ್ಟು ಬಿಗಿದರೂ ಸೋರಿಕೆ ನಿಲ್ಲದು. ಡಿಸ್ಕನ್ನು ಪ್ಯಾಡ್‌ಗಳಿಂದ ಹಿಡಿಯುವ ಕ್ಯಾಲಿಪರ್ ಬಿಚ್ಚಿದಾಗ ಅದನ್ನು ಹೋಸ್‌ನಿಂದ ಜೋತಾಡಲು ಬಿಡದೆ ತಂತಿಯಿಂದ ಕಟ್ಟಿ ನಿಲ್ಲಿಸಬೇಕು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದಷ್ಟೂ ಅದರ ಕುದಿಯುವ ಉಷ್ಣತೆ ಇಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ತೇವ ಸೇರಿದ ಆಯಿಲ್‌ಗೆ ಈ ಮಿತಿ 155 ಡಿಗ್ರಿ ಮಾತ್ರ. ತುಂಬಿದ ವ್ಯಾಗನ್ ಘಾಟಿ ಇಳಿಯುವಾಗ ಈ 75 ಡಿಗ್ರಿಯ ಅಂತರವೇ ಪೆಡಲ್ ಗಟ್ಟಿಯಾಗಿ ನಿಲ್ಲುವುದಕ್ಕೂ ನೆಲಕ್ಕೆ ಇಳಿಯುವುದಕ್ಕೂ ಇರುವ ಅಂತರವಾಗಬಹುದು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ಡಾಟ್ 5 ಎಂಬುದು ಸಿಲಿಕೋನ್ ಮೂಲದ ದ್ರವ; ಅದನ್ನು ಉಳಿದವುಗಳ ಜೊತೆ ಬೆರೆಸಬಾರದು. ಡಾಟ್ 5.1 ಹೆಸರಿನಲ್ಲಿ ಹತ್ತಿರವೆನಿಸಿದರೂ ಡಾಟ್ 4ರ ಬಳಗಕ್ಕೇ ಸೇರಿದ್ದು.

ಮೂರನೆಯ ಹಂತ: ಬ್ರೇಕಿನ ಶಕ್ತಿ ಹೆಚ್ಚಿಸುವುದು

ಇಷ್ಟಾದ ಮೇಲೂ ಸಾಲದೆನಿಸಿದರೆ ಮುಂದಿನ ಡಿಸ್ಕ್‌ಗಳಿಂದ ಆರಂಭಿಸಬೇಕು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದೇ. ಇಡಿಯಾದ ಡಿಸ್ಕ್‌ನ ಬದಲು ನಡುವೆ ಗಾಳಿಯ ದಾರಿಯಿರುವ ವೆಂಟಿಲೇಟೆಡ್ ಡಿಸ್ಕ್ ಹಾಕಿದರೆ ಶಾಖ ಬೇಗ ಹೊರಹೋಗುತ್ತದೆ. ಅದೇ ಮಾದರಿಯ ಹೆಚ್ಚು ಶಕ್ತಿಯ ಎಂಜಿನ್ನಿನ ಆವೃತ್ತಿಗೆ ಕಂಪನಿಯೇ ಕೊಟ್ಟಿದ್ದ ಡಿಸ್ಕ್ ಮತ್ತು ಕ್ಯಾಲಿಪರ್ ಸಿಕ್ಕರೆ ಅದಕ್ಕಿಂತ ಸುರಕ್ಷಿತವಾದ ಆಯ್ಕೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ರಂಧ್ರ ಕೊರೆದ ಡಿಸ್ಕ್ ಮತ್ತು ಬಣ್ಣ ಹಚ್ಚಿದ ಕ್ಯಾಲಿಪರ್ ಇಂಥ ಕಾರಿನಲ್ಲಿ ಬಹುಮಟ್ಟಿಗೆ ಅಲಂಕಾರವೇ. ಹಬ್‌ನ (ಡಿಸ್ಕ್ ಮತ್ತು ಚಕ್ರ ಕೂರುವ ನಡುಭಾಗ) ಮುಖದ ತುಕ್ಕನ್ನು ಪೂರ್ತಿ ಉಜ್ಜಿ ತೆಗೆಯದೆ ಹೊಸ ಡಿಸ್ಕ್ ಕೂರಿಸಿದರೆ ಅದು ಓಲಾಡುತ್ತದೆ, ಸ್ವಲ್ಪ ದಿನದಲ್ಲೇ ಪೆಡಲ್ ನಡುಗತೊಡಗುತ್ತದೆ.

ದೊಡ್ಡ ಕ್ಯಾಲಿಪರ್ ಹಾಕಿದಾಗ, ಪೆಡಲ್ ಒತ್ತಿದಾಗ ಆಯಿಲ್‌ನಲ್ಲಿ ಒತ್ತಡ ಹುಟ್ಟಿಸುವ ಮಾಸ್ಟರ್ ಸಿಲಿಂಡರ್‌ನ ಲೆಕ್ಕವನ್ನೂ ನೋಡಬೇಕು. ಅದರ ಒಳವ್ಯಾಸವನ್ನು 22.2 ಮಿ.ಮೀ.ಯಿಂದ 25.4 ಮಿ.ಮೀ.ಗೆ ಏರಿಸಿದರೆ ಪಿಸ್ಟನ್ನಿನ ವಿಸ್ತೀರ್ಣ ಸುಮಾರು ಶೇ 31ರಷ್ಟು ಹೆಚ್ಚುತ್ತದೆ. ಪೆಡಲ್ ಗಟ್ಟಿಯಾಗಿ, ಕಡಿಮೆ ಇಳಿಯುವಂತಾಗುತ್ತದೆ ನಿಜ, ಆದರೆ ಕಾಲಿನ ಅದೇ ಒತ್ತಿಗೆ ಆಯಿಲ್‌ನಲ್ಲಿ ಹುಟ್ಟುವ ಒತ್ತಡ ಶೇ 23ರಷ್ಟು ಇಳಿದುಹೋಗುತ್ತದೆ. ಪೆಡಲ್ ಗಟ್ಟಿಯಾಯಿತೆಂದು ಬ್ರೇಕ್ ಬಲವಾಯಿತೆಂದು ತಿಳಿಯುವವರು ಇದನ್ನು ಮರೆಯುತ್ತಾರೆ. ಹಿಂದಿನ ಡ್ರಮ್ ಬ್ರೇಕ್ ಸುಸ್ಥಿತಿಯಲ್ಲಿದ್ದರೆ ಅದನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಡಿಸ್ಕ್‌ಗೆ ಬದಲಿಸುವುದಾದರೆ ಹ್ಯಾಂಡ್‌ಬ್ರೇಕ್ ಹೇಗೆ ಕೆಲಸ ಮಾಡಬೇಕೆಂಬುದನ್ನು ಮೊದಲೇ ತೀರ್ಮಾನಿಸಿರಬೇಕು.

ನಾಲ್ಕನೆಯ ಹಂತ: ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಬುಷ್

ಕಾಯಿಲ್ ಸ್ಪ್ರಿಂಗ್‌ನ ಬಿಗಿತ ಅದರ ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಉಳಿದೆಲ್ಲ ಅಳತೆ ಒಂದೇ ಇದ್ದು ತಂತಿ 12 ಮಿ.ಮೀ.ಯಿಂದ 13 ಮಿ.ಮೀ.ಗೆ ದಪ್ಪವಾದರೆ ಸ್ಪ್ರಿಂಗ್ ಸುಮಾರು ಶೇ 38ರಷ್ಟು ಬಿಗಿಯಾಗುತ್ತದೆ. ಹಾಗಾಗಿ ಕಣ್ಣಿಗೆ ಹಳೆಯದರಂತೆಯೇ ಕಾಣುವ ಸ್ಪ್ರಿಂಗ್‌ನಿಂದ ಕಾರಿನ ನಡತೆಯೇ ಬದಲಾಗಬಹುದು. ವ್ಯಾಗನ್‌ನ ಹಿಂಬದಿಗೆ, ಖಾಲಿ ಇದ್ದಾಗ ಮೃದುವಾಗಿದ್ದು ಹೊರೆ ಹೆಚ್ಚಿದಂತೆ ಬಿಗಿಯಾಗುವ ಪ್ರೋಗ್ರೆಸಿವ್ ಸ್ಪ್ರಿಂಗ್ ಹೆಚ್ಚು ಹೊಂದುತ್ತದೆ. ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸುವುದು, ಅದರಲ್ಲೂ ಗ್ಯಾಸ್ ಬೆಂಕಿಯಿಂದ ಕತ್ತರಿಸುವುದು ಬೇಡ. ಉಕ್ಕಿನ ಹದ ಕೆಟ್ಟು ಅದು ಮುರಿಯುತ್ತದೆ. ಎತ್ತರವನ್ನು ತಾನೇ ಕಾಯ್ದುಕೊಳ್ಳುವ ವ್ಯವಸ್ಥೆಯಿರುವ ಕಾರಿನಲ್ಲಿ ಭಾರದ ಒಂದು ಪಾಲನ್ನು ಹೈಡ್ರಾಲಿಕ್ ಹೊರುತ್ತಿರುವುದರಿಂದ, ಅದನ್ನು ಕಿತ್ತು ಸಾಮಾನ್ಯ ಶಾಕ್ ಅಬ್ಸಾರ್ಬರ್ ಹಾಕಿದರೆ ಉಳಿದ ಸ್ಪ್ರಿಂಗ್ ಸಾಲದೆ ಹಿಂಬದಿ ಕುಸಿಯುತ್ತದೆ.

ಸ್ಪ್ರಿಂಗ್ ಬಿಗಿಯಾದಷ್ಟಕ್ಕೆ ಅದರ ಕುಣಿತವನ್ನು ತಡೆಯುವ ಶಾಕ್ ಅಬ್ಸಾರ್ಬರ್ ಕೂಡ ಬಲವಾಗಿರಬೇಕು, ಮತ್ತು ಕಾರನ್ನು ತಗ್ಗಿಸಿದ್ದರೆ ಉದ್ದದಲ್ಲಿ ಗಿಡ್ಡದಾಗಿರಬೇಕು. ಮುಂದಿನ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಜೋಡಣೆ) ಬಿಚ್ಚುವಾಗ ಸ್ಪ್ರಿಂಗನ್ನು ಕಂಪ್ರೆಸರ್‌ನಿಂದ ಒತ್ತಿ ಹಿಡಿಯದೆ ನಡುವಿನ ನಟ್ಟನ್ನು ಸಡಿಲಿಸಬಾರದು. ಅದರಲ್ಲಿ ಅಡಗಿರುವ ಶಕ್ತಿ ಕೈಯನ್ನಷ್ಟೇ ಅಲ್ಲ, ಪ್ರಾಣವನ್ನೂ ತೆಗೆಯಬಲ್ಲದು.

ಸಸ್ಪೆನ್ಷನ್ನಿನ ಕೀಲುಗಳಲ್ಲಿ ಕೂರುವ ಮೆತ್ತನೆಯ ಕೊಳವೆಗಳಾದ ಬುಷ್‌ಗಳ ವಿಷಯದಲ್ಲಿ, ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್‌ನ ಹೊಗಳಿಕೆ ಎಲ್ಲೆಡೆ ಕೇಳಿಬರುತ್ತದೆ. ಆದರೆ ಇಡಿಯಾದ ಹಿಂದಿನ ಆಕ್ಸಲ್ ಇರುವ ಕಾರಿನಲ್ಲಿ ಟ್ರೇಲಿಂಗ್ ಆರ್ಮ್‌ನ ಬುಷ್ ತಿರುಚಿಕೊಳ್ಳಲೇಬೇಕು. ಅಲ್ಲಿ ರಬ್ಬರ್ ಇರುವುದೇ ಒಳ್ಳೆಯದು. ರಬ್ಬರ್ ಬುಷ್‌ನ ಬೋಲ್ಟುಗಳನ್ನು ಚಕ್ರಗಳು ನೇತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ಮೇಲೆಯೇ ಕೊನೆಯ ಬಿಗಿತ ಕೊಡಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲಿದ್ದು ಬೇಗ ಹರಿಯುತ್ತದೆ. ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳಾದ ಆಂಟಿ ರೋಲ್ ಬಾರನ್ನು ಹಿಂಬದಿಯಲ್ಲಿ ವಿಪರೀತ ದಪ್ಪ ಮಾಡಿದರೆ, ಹೊರೆ ತುಂಬಿದ ವ್ಯಾಗನ್‌ನ ಹಿಂಬದಿ ತಿರುವಿನಲ್ಲಿ ಹೊರಕ್ಕೆ ಜಾರತೊಡಗುತ್ತದೆ.

ಐದನೆಯ ಹಂತ: ಹಿಂದಿನ ಬ್ರೇಕಿನ ವಾಲ್ವ್

ಅನೇಕ ಹಳೆಯ ವ್ಯಾಗನ್‌ಗಳಲ್ಲಿ ಬಾಡಿಗೂ ಹಿಂದಿನ ಆಕ್ಸಲ್‌ಗೂ ನಡುವೆ ಒಂದು ಸರಳಿನಿಂದಲೋ ಸಣ್ಣ ಸ್ಪ್ರಿಂಗ್‌ನಿಂದಲೋ ಜೋಡಿಸಿದ ವಾಲ್ವ್ ಇರುತ್ತದೆ. ಬಾಡಿ ಎಷ್ಟು ಕುಸಿದಿದೆ ಎಂಬುದರಿಂದ ಅದು ಹೊರೆಯನ್ನು ಅಂದಾಜಿಸಿ, ಹಿಂದಿನ ಬ್ರೇಕ್‌ಗೆ ಎಷ್ಟು ಒತ್ತಡ ಬಿಡಬೇಕೆಂದು ನಿರ್ಧರಿಸುತ್ತದೆ. ಕಾರನ್ನು ತಗ್ಗಿಸಿದರೆ ಖಾಲಿ ಕಾರನ್ನೂ ಅದು ತುಂಬಿದ ಕಾರೆಂದೇ ಬಗೆಯುತ್ತದೆ; ಹಿಂದಿನ ಚಕ್ರಗಳಿಗೆ ಹೆಚ್ಚು ಒತ್ತಡ ಹೋಗಿ ಒದ್ದೆ ರಸ್ತೆಯಲ್ಲಿ ಅವೇ ಮೊದಲು ಲಾಕ್ ಆಗುತ್ತವೆ (ತಿರುಗುವುದು ನಿಂತು ಜಾರುತ್ತವೆ), ಕಾರು ಗಿರಕಿ ಹೊಡೆಯುತ್ತದೆ. ಎತ್ತರ ಬದಲಾಗದೆ ಸ್ಪ್ರಿಂಗ್ ಮಾತ್ರ ಬಿಗಿಯಾದರೆ ಇದಕ್ಕೆ ವಿರುದ್ಧವಾದ ತೊಂದರೆ: ಹೊರೆ ತುಂಬಿದರೂ ಬಾಡಿ ಕುಸಿಯದ ಕಾರಣ, ಬೇಕಾದಾಗ ಹಿಂದಿನ ಬ್ರೇಕ್ ಸಿಗುವುದಿಲ್ಲ. ಮೊದಲ ಹಂತದಲ್ಲಿ ಬರೆದಿಟ್ಟ ಎತ್ತರಗಳು ಇಲ್ಲಿ ಬೇಕಾಗುತ್ತವೆ. ಅವನ್ನು ಮುಂದಿಟ್ಟುಕೊಂಡು, ಆ ಮಾದರಿಯ ವರ್ಕ್‌ಶಾಪ್ ಕೈಪಿಡಿ ಹೇಳುವಂತೆ ಸರಳಿನ ಅಳತೆಯನ್ನು ಮತ್ತೆ ಹೊಂದಿಸಬೇಕು.

ಕೊನೆಯ ಕೆಲಸಗಳು

ಬ್ರೇಕ್ ಪೈಪ್‌ಗಳ ಗಾಳಿ ತೆಗೆಯುವಾಗ ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ ಆರಂಭಿಸುತ್ತಾರೆ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಕೈಪಿಡಿಯ ಕ್ರಮವೇ ಅಂತಿಮ. ಹಳೆಯ ಮಾಸ್ಟರ್ ಸಿಲಿಂಡರ್ ಉಳಿಸಿಕೊಂಡಿದ್ದರೆ ಪೆಡಲನ್ನು ನೆಲದವರೆಗೆ ತುಳಿಯಬಾರದು, ಏಕೆಂದರೆ ಪಿಸ್ಟನ್ ಎಂದೂ ಓಡಾಡದ ಭಾಗದ ತುಕ್ಕು ಒಳಗಿನ ಸೀಲನ್ನು ಹರಿದುಬಿಡುತ್ತದೆ. ಸ್ಪ್ರಿಂಗ್‌ಗಳು ಕೂತ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಪ್ಯಾಡ್‌ಗಳು ಡಿಸ್ಕ್‌ಗೆ ಹೊಂದಿಕೊಳ್ಳಲು, ವಾಹನವಿಲ್ಲದ ರಸ್ತೆಯಲ್ಲಿ ಗಂಟೆಗೆ 50–60 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸದೆ ಹಲವು ಸಲ ಮಧ್ಯಮವಾಗಿ ಬ್ರೇಕ್ ಹಾಕಿ, ಬಳಿಕ ತಣ್ಣಗಾಗುವವರೆಗೆ ಬ್ರೇಕ್ ಮುಟ್ಟದೆ ಓಡಿಸಬೇಕು. ಆಮೇಲೆ ಖಾಲಿ ಕಾರಿನಲ್ಲಿ ಒಮ್ಮೆ, ಮರಳಿನ ಮೂಟೆಗಳನ್ನು ಹೇರಿ ಇನ್ನೊಮ್ಮೆ, ಕಡಿಮೆ ವೇಗದಲ್ಲಿ ಜೋರಾಗಿ ಬ್ರೇಕ್ ಹಾಕಿ, ಯಾವ ಚಕ್ರಗಳು ಮೊದಲು ಲಾಕ್ ಆಗುತ್ತವೆ ಎಂಬುದನ್ನು ಹೊರಗೆ ನಿಂತ ಒಬ್ಬರು ಗಮನಿಸಬೇಕು. ಎರಡೂ ಸಲ ಮುಂದಿನವೇ ಮೊದಲು ಲಾಕ್ ಆಗಬೇಕು. ಹಿಂದಿನವು ಆದರೆ ವಾಲ್ವಿನ ಹೊಂದಾಣಿಕೆ ಸರಿಯಾಗುವವರೆಗೆ ಕಾರನ್ನು ರಸ್ತೆಗೆ ಇಳಿಸಬಾರದು.